ಕಲಂದರ್ ಸಾಬರ ರಕ್ತ ತಿಳಿಯಾದದ್ದು

ಶಿರಾದ ಸುತ್ತಮುತ್ತ ನಿಕಾಹ್ ನಿಶ್ಚಯವಾದರೆ ಮೊದಲು ಖಾಜಿಯವರಿಗೆ ಹೇಳುತ್ತಿದ್ದರೋ, ಅಡುಗೆಯ ಕಲಂದರ್ ಸಾಬರಿಗೆ ಹೇಳುತ್ತಿದ್ದರೋ, ನಾನು ತೀರ್ಮಾನಿಸಲಾರೆ. ನಾನು ಆಗ ಅಲ್ಲಿ ಶಾಲೆಯ ಮೇಷ್ಟ್ರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ತಾಮ್ರದ ದೇಗಿನ ಮುಚ್ಚಳ ಎತ್ತಿದಾಗ ಬಿರಿಯಾನಿಯ ಮೇಲೆ ತುಪ್ಪ ಮಿನುಗದಿದ್ದರೆ ಸಾಬರು ಬಡಿಸಲು ಬಿಡುತ್ತಿರಲಿಲ್ಲ. ಬೇಯುವಾಗ ಪದೇಪದೇ ರುಚಿ ನೋಡುವುದೇ ಅವರ ಊಟ. ಮೂಳೆಯೊಳಗಿನ ಕೊಬ್ಬನ್ನು ಹೀರಿ, ಮೇಲೆ ಒಂದು ಬೀಡಿ ಹಚ್ಚಿದರೆ ಆಯಿತು.

ಅರವತ್ತೆರಡನೇ ಇಸವಿಯಲ್ಲಿ ಗೌಡಗೆರೆಯ ಒಂದು ಮದುವೆಗೆ ನಾನೂ ಹೋಗಿದ್ದೆ. ಸೌಟು ಹಿಡಿದು ನಿಂತಿದ್ದ ಸಾಬರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕೂತರು. ಮೈಯೆಲ್ಲ ಬೆವರು.

“ಎದೆ ಮ್ಯಾಲೆ ಒರಳುಕಲ್ಲು ಮಡಗಿದಂಗಾಯ್ತದೆ ಮೇಷ್ಟ್ರೇ…”

ಕಡಲೆಕಾಯಿ ತುಂಬಲು ಬಂದಿದ್ದ ಲಾರಿಯಲ್ಲಿ ಮಲಗಿಸಿಕೊಂಡು ತುಮಕೂರಿಗೆ ಹೋದೆವು. ಅಲ್ಲಿನ ಡಾಕ್ಟರ್ ರೇಣುಕಯ್ಯನವರು ಹೃದಯಕ್ಕೆ ಪೆಟ್ಟಾಗಿದೆ ಎಂದರು. ಸಾಬರು ಬದುಕಿದರು.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಅವರ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ತಣ್ಣಗಿಟ್ಟರು. ಮಾರನೆಯ ಬೆಳಿಗ್ಗೆ ನಮ್ಮನ್ನು ಕಿಟಕಿಯ ಬಳಿ ಕರೆದರು.

“ಸಾಬರೇ, ಇದು ನಿಮ್ಮ ರಕ್ತ. ಕೆಂಪಗಿರೋದು ಹೆಪ್ಪುಗಟ್ಟಿ ಕೆಳಗೆ ನಿಂತಿದೆ. ಅದರ ಮೇಲಿರೋ ನೀರು ತಿಳಿಯಾಗಿರಬೇಕಿತ್ತು.”

ಅದು ತಿಳಿಯಾಗಿರಲಿಲ್ಲ. ಹಾಲಿನ ಹಾಗಿತ್ತು. ಹಾಲಿಗೆ ಕೆನೆ ಬೇರೆ ಕಟ್ಟಿತ್ತು! ಮನುಷ್ಯನ ಮೈಯಿಂದ ಇಂಥದ್ದು ಬಂತೆಂದರೆ ನಾನು ನಂಬುತ್ತಿರಲಿಲ್ಲ. ಸಾಬರು ಬಾಯಿ ತೆರೆದು ನೋಡುತ್ತಲೇ ಇದ್ದರು.

“ಯಾ ಅಲ್ಲಾ! ಮಾಂಸದ ಶೋರ್ವಾ ಆರಿದ್ಮ್ಯಾಲೆ ಕಟ್ಟೋ ಚರ್ಬಿ ಅಲ್ವಾ ಇದು? ನನ್ನೊಳಗೇ ತೇಲ್ತಾ ಐತಲ್ಲ!”

ಡಾಕ್ಟರು ಅವರ ಕಣ್ಣಿನ ಮೂಲೆಯಲ್ಲಿದ್ದ ಹಳದಿ ಗಂಟನ್ನು ಮುಟ್ಟಿ, ಇದೂ ಅದೇ ಕೊಬ್ಬು ಎಂದು ಹೇಳಿ, ಮನೆಯಲ್ಲಿ ಇನ್ನಾರಿಗೆ ಹೀಗಿದೆ ಎಂದು ಕೇಳಿದರು. ತಂದೆಗಿತ್ತು; ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದಾಗಲೇ ಕುಸಿದು ತೀರಿಕೊಂಡರು. ತಮ್ಮ ಅಸ್ಗರನಿಗೂ ಇದೆ.

“ಈ ಕೊಬ್ಬು ರಕ್ತನಾಳದ ಒಳಗೋಡೆಗೆ ಅಂಟಿ ದಾರಿ ಕಿರಿದು ಮಾಡುತ್ತೆ ಅನ್ಸುತ್ತೆ,” ಎಂದರು ಡಾಕ್ಟರು. “ಎಲ್ಲಾ ಗೊತ್ತು ಅಂತ ಹೇಳಲಾರೆ, ದೊಡ್ಡದೊಡ್ಡವರು ಇನ್ನೂ ಹುಡುಕ್ತಾ ಇದಾರೆ. ತುಪ್ಪ, ಚರ್ಬಿ, ಮಿಠಾಯಿ, ಬೀಡಿ ಬಿಡಿ. ಕಡಲೆಕಾಯಿ ಎಣ್ಣೆ ಒಗ್ಗರಣೆಗಷ್ಟೇ. ಮುದ್ದೆ, ಸೊಪ್ಪು, ಹುರುಳಿಕಾಳು ತಿನ್ನಿ. ಶಕ್ತಿ ಬಂದ ಮೇಲೆ ನಡೀರಿ. ಆಮೇಲೆ ನೋಡೋಣ.”

ಮನೆಗೆ ಬಂದ ಸಾಬರು ಜಗುಲಿ ಬಿಟ್ಟು ಏಳಲಿಲ್ಲ. “ರುಚಿ ನೋಡ್ದೆ ಹೆಂಗೆ ಅಡ್ಗೆ ಮಾಡ್ಲಿ? ಕಣ್ ಕಟ್ಕೊಂಡು ನಡ್ದಂಗೆ” ಎನ್ನುವುದೇ ಅವರ ಮಾತು. ಒಂದು ದಿನ ಅವರ ಹೆಂಡತಿ ಕರೀಮುನ್ನೀಸಾ ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದರು:

“ರಂಜಾನಲ್ಲಿ ತೊಟ್ಟು ನೀರೂ ಕುಡೀದೆ ರೋಜಾ ಇದ್ಕೊಂಡು ಇಡೀ ಮಸೀದಿಗೆ ಇಫ್ತಾರ್ ಅಡ್ಗೆ ಮಾಡ್ತೀರಲ್ಲ, ಆಗ ಯಾವ ಬಾಯಲ್ಲಿ ರುಚಿ ನೋಡ್ತೀರಾ?”

ಸಾಬರು ಜೋರಾಗಿ ನಕ್ಕುಬಿಟ್ಟರು.

ಅಂದಿನಿಂದ ಉಪ್ಪು ಖಾರದ ಹದವನ್ನು ಮೂಗೇ ಹೇಳಬೇಕಾಯಿತು. ಅಕ್ಕಿ ಅರಳಿದ್ದನ್ನು ಕಿವಿ ಹೇಳುತ್ತಿತ್ತು. ಮದುವೆಯವರಿಗೆ ಬಿರಿಯಾನಿ ಬಡಿಸಿ, ತಾವು ಮನೆಯಿಂದ ಕಟ್ಟಿಕೊಂಡು ಬಂದ ಮುದ್ದೆ, ಸೊಪ್ಪಿನ ಸಾರು ಬಿಚ್ಚುತ್ತಿದ್ದರು. ಮೊದಮೊದಲು ಅವರ ಮುಖ ನೋಡಲಾಗುತ್ತಿರಲಿಲ್ಲ. ಎರಡು ಸಲ ಕದ್ದು ಬೀಡಿ ಸೇದಿದ್ದನ್ನು ನಾನೇ ಕಂಡಿದ್ದೇನೆ. ಕರೀಮುನ್ನೀಸಾ ಮಾತ್ರ ತಾವೂ ಅದೇ ಮುದ್ದೆ ಉಂಡರು.

ಮುಂದಿನ ವರ್ಷ ಮತ್ತೆ ತುಮಕೂರಿಗೆ ಹೋದೆವು. ಅದೇ ಕಿಟಕಿ, ಅಂಥದೇ ಕೊಳವೆ. ಈ ಸಲ ಮೇಲೆ ನಿಂತದ್ದು ಒಣಹುಲ್ಲಿನ ಬಣ್ಣದ ತಿಳಿನೀರು. ಅದರಾಚೆ ಅಂಗಳದ ಬೇವಿನಮರ ಕಾಣುತ್ತಿತ್ತು. ಸಾಬರು ಅದನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ನಾನು ಬರೀ ತಿನ್ನೋದು ಬಿಟ್ಟೆ. ಇದನ್ನ ತೊಳ್ದೋರು ಯಾರು ಡಾಕ್ಟ್ರೇ?”

“ನಿಮ್ಮ ಮೈಯೇ ತೊಳ್ಕೊಂಡಿದೆ,” ಎಂದ ಡಾಕ್ಟರು ತಮ್ಮ ಸ್ಟೆತಸ್ಕೋಪನ್ನು ಅವರ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಅವರದೇ ಎದೆಗೆ ಒತ್ತಿದರು. ಸಾಬರು ಉಸಿರು ಬಿಗಿಹಿಡಿದರು.

“ಮಲ್ಗಿದ್ದಾಗ್ಲೂ ಇಂಗೇ ಬಡೀತದಾ?”

“ತಾಯಿ ಹೊಟ್ಟೇಲಿದ್ದಾಗ ಶುರುವಾದದ್ದು. ಪೆಟ್ಟು ತಿಂದಾಗಲೂ ನಿಲ್ಲಲಿಲ್ಲ.”

ಸಾಬರ ಗಡ್ಡ ಒದ್ದೆಯಾಯಿತು. ಬಸ್ಸಿನಲ್ಲಿ ಊರು ಬರುವವರೆಗೂ ಎದೆಯ ಮೇಲಿಟ್ಟ ಅಂಗೈ ತೆಗೆಯಲಿಲ್ಲ.

ಮರುವಾರವೇ, ಬರಲೊಲ್ಲೆನೆಂದ ಅಸ್ಗರನನ್ನು ರೆಟ್ಟೆ ಹಿಡಿದು ತುಮಕೂರಿಗೆ ಕರೆದೊಯ್ದರು. ಅವನ ರಕ್ತವೂ ಬೆಳ್ಳಗಿತ್ತು. ಅದನ್ನು ಕಂಡವನು ಮತ್ತೆ ಎದುರಾಡಲಿಲ್ಲ. ಅರವತ್ತೊಂಬತ್ತರಲ್ಲಿ ನನಗೆ ಕೊರಟಗೆರೆಗೆ ವರ್ಗವಾಗುವವರೆಗೂ ಅಣ್ಣತಮ್ಮಂದಿರು ನಸುಕಿನ ಫಜರ್ ನಮಾಜು ಮುಗಿಸಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಅಣ್ಣ ಆಗಾಗ ಸುಸ್ತಾಗಿ ನಿಲ್ಲುತ್ತಿದ್ದರು, ತಮ್ಮ ಕಾಯುತ್ತಿದ್ದ, ಮತ್ತೆ ಇಬ್ಬರೂ ಹೊರಡುತ್ತಿದ್ದರು.