ವಕೀಲರ ಫೀಸಿಗೆ ಒಂದು ಬಾಳೆ ಮೀನು

ನಮ್ಮೂರಲ್ಲಿ ಯಾರನ್ನೇ ಕೇಳಿ, ಅಂಬಿಗರ ಆಯಿಯ ಮಾತು ಒಂದು ವರ್ಷವೂ ಹುಸಿ ಹೋಗಲಿಲ್ಲ ಎನ್ನುತ್ತಾರೆ. ಹೊಳೆ ಆಕೆಯ ಕಿವಿಯಲ್ಲಿ ಮಾತಾಡುತ್ತಿತ್ತಂತೆ. ಮೀನು ಬರುತ್ತವೋ ಇಲ್ಲವೋ ಎಂದು ಮುಂಗಾರಿಗೆ ಮೊದಲೇ ಹೇಳಿಬಿಡುತ್ತಿದ್ದಳಂತೆ. ಇಷ್ಟು ಹೇಳಿ ಕೊನೆಗೊಂದು ಬಾಲ ಅಂಟಿಸುತ್ತಾರೆ: “ಹೈದ್ರಾಬಾದಿನಾಗ ಓದಿದ ಹುಡುಗೊಬ್ಬ ಆಕಿ ಮುಂದ ವಾದ-ಬಹಸ್ ಮಾಡಾಕ ಹೋಗಿ ಮಣ್ಣು ಮುಕ್ಕಿದ.” ಆ ಹುಡುಗ ನಾನೇ. ಆದ್ದರಿಂದ ಈ ಕಥೆಯ ಮೇಲೆ ನನ್ನದೊಂದು ತಕರಾರಿದೆ.

ತಕರಾರು ಮತ್ತೆ ತಲೆ ಎತ್ತಿದ್ದು ಹೋದ ವಾರ, ಮುನಿರಾಬಾದಿನಲ್ಲಿ. ಅಣೆಕಟ್ಟಿನ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳ ಹಿಂದೆ ಯಾರೋ ದೊಡ್ಡ ಗಡಿಗೆಯಲ್ಲಿ ತಂಗಡಿ ಗಿಡದ ತೊಗಟೆ ಕುದಿಸುತ್ತಿದ್ದರು. ಹೊಸ ಬಲೆಯನ್ನು ಆ ನೀರಿನಲ್ಲಿ ಅದ್ದಿದರೆ ನೂಲು ಬೇಗ ಕೊಳೆಯುವುದಿಲ್ಲ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿತ್ತಲ ಗೋಡೆಯಾಚೆ ಆಯಿ ಎದ್ದು ನಿಂತಂತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲೆ ಹಿಂಡುತ್ತ, “ಏನ್ ವಕೀಲಾ, ಇವತ್ತ ಯಾರ ಮ್ಯಾಲ ಕೇಸು?” ಎಂದು ಕೇಳುತ್ತ…

ಆಗ ನಾನು ವಕೀಲನಲ್ಲ, ಕಾಲೇಜಿನ ಚರ್ಚಾಕೂಟದಲ್ಲಿ ನಾಲಿಗೆ ಮಸೆಯುತ್ತಿದ್ದ ಹುಡುಗ. ರಜೆಗೆ ಊರಿಗೆ ಬಂದರೆ ಮಸೆದದ್ದನ್ನು ಪರೀಕ್ಷಿಸಲು ನೆರೆಮನೆಯ ಆಯಿಯಷ್ಟು ಗಟ್ಟಿ ಎದುರಾಳಿ ಇನ್ನೊಬ್ಬರು ಸಿಗುತ್ತಿರಲಿಲ್ಲ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಮುಂಜಾನೆ ಅಂಬಿಗರ ಓಣಿಯೆಲ್ಲ ಹೊಳೆಯ ದಂಡೆಗೆ ಬರುವುದು ರೂಢಿ. ಆಯಿ ಮೊಣಕಾಲುದ್ದ ನೀರಿಗೆ ಇಳಿದು, ಬೊಗಸೆ ನೀರು ಬಾಯಿಗೆ ಹಾಕಿ ಗಳಗಳ ಮುಕ್ಕಳಿಸಿ, ಹರಿವಿಗೆ ಎದುರಾಗಿ ಉಗುಳುತ್ತಿದ್ದಳು. ನಡುಗಡ್ಡೆಯ ಮರಳಿನಲ್ಲಿ ಹಕ್ಕಿಗಳು ಎಷ್ಟು ಎತ್ತರಕ್ಕೆ ಮೊಟ್ಟೆ ಇಟ್ಟಿವೆ, ಏಡಿಗಳು ದಂಡೆಯಲ್ಲಿ ಎಷ್ಟು ಮೇಲೆ ಬಿಲ ತೋಡಿವೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆಮೇಲೆ ಆ ಸಲದ ಮೀನಿನ ಮಾತು ಹೇಳುತ್ತಿದ್ದಳು. ಮೊದಲ ಕೆಂಪು ನೀರು ಬಂದಾಗ ಮೀನುಗಳು ಮೊಟ್ಟೆ ಇಡಲು ಹೊಳೆ ಏರುತ್ತವೆ. ನಮ್ಮೂರ ಬಂಡೆಸಾಲನ್ನು ಹಾರಿಯೇ ಮೇಲಕ್ಕೆ ಹೋಗಬೇಕು. ಆ ಕೆಲವೇ ದಿನ ಓಣಿಗೆ ಸುಗ್ಗಿ. ಬರುತ್ತವೆ ಎಂದು ಆಯಿ ಹೇಳಿದರೆ ಗಂಡಸರು ಊರಲ್ಲೇ ಉಳಿದು ಬಲೆ ಸಿದ್ಧ ಮಾಡಬೇಕು, ಇಲ್ಲವೆಂದರೆ ಕೂಲಿ ಹುಡುಕಿ ಹೊರಡಬೇಕು.

ಹೊರಟದ್ದನ್ನು ನಾನಂತೂ ಕಂಡಿಲ್ಲ. ಏಕೆಂದರೆ ಆಯಿ ಪ್ರತಿ ವರ್ಷವೂ ಹೇಳುತ್ತಿದ್ದದ್ದು ಒಂದೇ.

“ಆಯಿ, ಹಕ್ಕಿ ಮ್ಯಾಲ ಮೊಟ್ಟಿ ಇಟ್ರ ಏನು?” ಎಂದು ಒಮ್ಮೆ ಗೋಡೆ ಮೇಲಿಂದ ಕೇಳಿದೆ.

“ಹೊಳಿ ತುಂಬಿ ಬರ್ತತಿ. ಮೀನು ಏರ್ತಾವ.”

“ಕೆಳಗ ಇಟ್ರ?”

“ನೀರು ಕಡಿಮಿ ಬರ್ತತಿ. ಬಂಡಿಗಲ್ಲಿನ ನಡುವ ಸಿಕ್ಕೊಂತಾವ, ಹಿಡ್ಯಾಕ ಸಸಾರ.”

“ಅಂದ್ರ ಹೆಂಗ ಇಟ್ರೂ ಮೀನು ಬರ್ತಾವ?”

“ಬರದ ಏನ್ ಮಾಡ್ತಾವೋ, ನಿನ್ನಂಗ ಹೈದ್ರಾಬಾದಿಗೆ ಹೋಗ್ತಾವೇನು?”

ಇದು ವಾದವೇ? ನಮ್ಮ ಚರ್ಚಾಕೂಟದಲ್ಲಾಗಿದ್ದರೆ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಆಯಿಗೆ ಮಾತ್ರ ಇಡೀ ಓಣಿ ಬಿದ್ದು ಬಿದ್ದು ನಕ್ಕಿತು.

ಆ ವರ್ಷ ನಗುವ ಹಾಗಿರಲಿಲ್ಲ. ನಮ್ಮೂರ ಹೊಳೆಯ ಮೀನಿನ ಹಕ್ಕನ್ನು ಕಚೇರಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಅಂಬಿಗರ ಹಿರಿಯರು ಕೊಪ್ಪಳಕ್ಕೆ ಹೋಗಿ ಸವಾಲು ಕೂಗಿ ಅದನ್ನು ಉಳಿಸಿಕೊಂಡು ಬರುತ್ತಿದ್ದರು. ಎದುರು ಕೂಗುವವರು ಇರುತ್ತಿರಲಿಲ್ಲ. ಆ ಸಲ ಇರಕಲ್ಲಗಡ ಕಡೆಯ ಕೆರೆಗಳನ್ನೆಲ್ಲ ಹಿಡಿದಿದ್ದ ಗುತ್ತೇದಾರನೊಬ್ಬ ನಮ್ಮ ಹೊಳೆಯ ಮೇಲೂ ಕಣ್ಣು ಹಾಕಿದ್ದ. ಅವನಿಗೆ ಹಕ್ಕು ಹೋದರೆ ಓಣಿಯವರು ತಮ್ಮದೇ ಹೊಳೆಯಲ್ಲಿ ಅವನ ಆಳುಗಳು. ಮನೆಯ ಸಾರಿಗೊಂದು ಗೆಂಡೆ ಮೀನು ಬೇಕಾದರೂ ಅವನನ್ನೇ ಕೇಳಬೇಕು. ಆಯಿಯ ಹೆಸರು ಅವನ ಕಿವಿಗೂ ಬಿದ್ದಿತ್ತು. ಮಿರಗದ ದಿನ ಬಂದು ಆಕೆಯ ಮಾತು ಕೇಳಿ, ಮರುದಿನದ ಹರಾಜಿಗೆ ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದ.

ಹಿಂದಿನ ಸಂಜೆ ಹಿರಿಯರು ಆಯಿಯ ಅಂಗಳದಲ್ಲಿ ಕೂತು ಅಂಗಲಾಚಿದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು.

“ಯಬೇ, ಈ ಸಲ ಒಂದ ಸಲ ಮೀನು ಇಲ್ಲ ಅಂದ್ಬಿಡು. ಅಂವ ಕೇಳಿ ಎದ್ದು ಹೋಗ್ಲಿ.”

“ಹೊಳ್ಯಾಗ ನಿಂತು ಹೊಳಿ ಮ್ಯಾಲ ಸುಳ್ಳು ಹೇಳಲೇನು?” ಆಯಿ ಗುಡುಗಿದಳು. “ಸಾಯೋ ಮುಂದ ನನ್ನ ಬಾಯಿಗೆ ಬೀಳೋದು ಅದ ನೀರಪಾ.”

ಅವರು ತಲೆ ತಗ್ಗಿಸಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೋಡೆ ಮೇಲೆ ಆಯಿಯ ಮುಖ ಮೂಡಿತು. “ಏ ವಕೀಲಾ, ನಾಳಿ ಹೊಳಿಗೆ ಬಾ. ಮುಂದ ನಿಂದ್ರು. ಹಿಂದ ನಿಂತ್ರ ನಿನಗ ಏನೂ ಕೇಳ್ಸಾಂಗಿಲ್ಲ.”

ನನಗೆ ಅಚ್ಚರಿಯಾಯಿತು. ಅಷ್ಟು ವರ್ಷವೂ ಮಿರಗದ ದಿನ ಆಕೆ ನನಗೆ ಹೇಳುತ್ತಿದ್ದದ್ದು, “ನಿಂದು ಕೆಟ್ಟ ಬಾಯಿ, ದೂರ ನಿಂದ್ರು” ಎಂದು.

ಮರುದಿನ ಗುತ್ತೇದಾರ ಬಿಳಿ ಕೋಟು ಹಾಕಿಕೊಂಡು, ಕೊಡೆ ಊರಿಕೊಂಡು ದಂಡೆಯಲ್ಲಿ ನಿಂತಿದ್ದ. ಆಯಿ ನೀರಿಗೆ ಇಳಿದಳು, ಮುಕ್ಕಳಿಸಿದಳು, ಉಗುಳಿದಳು, ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು. ಆಮೇಲೆ ಎಂದೂ ಇಲ್ಲದ ಅಬ್ಬರದಲ್ಲಿ ಕೂಗಿದಳು:

“ಬರ್ತಾವ! ಬಂಡಿ ಮ್ಯಾಲ ಬಂಡಿ ಹೇರೋವಷ್ಟು ಬರ್ತಾವ! ನನ್ನ ಮಾತು ಯಾವ ವರ್ಷ ಸುಳ್ಳಾಗೇತಿ? ಆಗಿದ್ರ ಹೇಳ್ರಿ, ಯಾರರ ಹೇಳ್ರಿ!”

ಹೇಳುತ್ತ ನೋಡಿದ್ದು ನೆಟ್ಟಗೆ ನನ್ನನ್ನೇ. ಅಂಥ ಆಹ್ವಾನ ಸಿಕ್ಕ ಮೇಲೆ ನಾನು ಸುಮ್ಮನಿರುವುದುಂಟೇ?

“ನಾ ಹೇಳ್ತೀನಿ,” ಎಂದು ಒಂದು ಹೆಜ್ಜೆ ಮುಂದಿಟ್ಟೆ. “ಹ್ವಾದ ವರ್ಷ ಬರ್ತಾವ ಅಂದಿ, ಬಲಿ ಬಿಸಿಲಿಗೆ ಒಣಗಿದ್ವು. ಅದರ ಹಿಂದಿನ ವರ್ಷಾನೂ ಬರ್ತಾವ ಅಂದಿ, ಒಂದ ಬುಟ್ಟಿ ಸಣ್ಣ ಗೆಂಡಿ ಬಿಟ್ರ ಏನ್ ಬಂತು? ಸಿಕ್ಕ ವರ್ಷ ಎಲ್ಲಾರೂ ನೆನಪಿಡ್ತೀರಿ, ಸಿಗದ ವರ್ಷ ಮರೀತೀರಿ. ಇದಕ್ಕ ಭವಿಷ್ಯ ಅಂತಾರೇನು?”

ಗುತ್ತೇದಾರ ಕೊಡೆ ನನ್ನ ಕಡೆಗೆ ತಿರುಗಿಸಿದ. “ಖರೇನ ತಮ್ಮಾ? ಎರಡು ವರ್ಷದಿಂದ ಮೀನಾ ಇಲ್ಲ?”

“ಇಲ್ಲೇ ನಿಂತಾರಲ್ರಿ ಸಾವಕಾರ್ರ, ಇವರನ್ನ ಕೇಳ್ರಿ.”

ಅವನು ಕೇಳಿದ. ಓಣಿಯವರು ನೆಲ ನೋಡುತ್ತ ಹೌದೆಂದು ತಲೆ ಆಡಿಸಿದರು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಲ್ಲ ಎನ್ನುವುದು ಹೇಗೆ?

“ಇವನ ನಾಲಿಗಿಗೆ ಏಡಿ ಕಚ್ಚಲಿ!” ಎಂದು ಆಯಿ ನೀರಲ್ಲಿ ನಿಂತೇ ಶಪಿಸಿದಳು.

“ಇಷ್ಟು ಹೆಸರು ಮಾಡಿದ ಹೊಳಿ, ಬರೇ ಮುದಿಕಿ ಬಾಯಾಗ ಹರೀತೈತಿ ಅಂದಂಗಾತು,” ಎಂದು ಗುತ್ತೇದಾರ ನಕ್ಕ. ತನ್ನ ಬಂಡಿ ಹತ್ತಿ ಹೋದ.

ಮನೆಯಲ್ಲಿ ಅಪ್ಪ ನನ್ನನ್ನು ಊಟಕ್ಕೆ ಕೂಡಲೂ ಬಿಡಲಿಲ್ಲ. “ಓದ್ಸಿದ್ದು ಇದಕ್ಕೇನು? ಊರ ಮುಂದ ಆ ಹಿರೇಮನಿಷ್ಯಾಳ ಮಾನ ಕಳದ್ಯಲ್ಲೋ!” ಓಣಿಯವರು ನನ್ನ ಜೊತೆ ಮಾತು ಬಿಟ್ಟರು. ಮರುದಿನ ಅವರು ಕೊಪ್ಪಳದಿಂದ ತಿರುಗಿ ಬಂದದ್ದು ಮಾತ್ರ ಹಾಡುತ್ತ. ಗುತ್ತೇದಾರ ಹರಾಜಿಗೆ ಬಂದೇ ಇರಲಿಲ್ಲ. ಹೊಳೆ ಅವರದಾಗಿಯೇ ಉಳಿದಿತ್ತು.

ನಾನು ಕಾಲೇಜಿಗೆ ಹೊರಡುವ ಮೊದಲೇ ಕೆಂಪು ನೀರು ಬಂತು. ಅಂಥದ್ದನ್ನು ಮತ್ತೆ ನೋಡಲಿಲ್ಲ… ಬಂಡೆಸಾಲಿನ ತುಂಬ ಮೀನು ಹಾರುತ್ತಿದ್ದವು, ಬೆಳ್ಳಗೆ, ಒಂದರ ಮೇಲೊಂದು ಬಿದ್ದು, ಮತ್ತೆ ಎದ್ದು. ಗಂಡಸರು ಬಂಡೆಯ ಮೇಲೆ ಕಾಲು ಊರಿ ಬಲೆ ಒಡ್ಡಿದ್ದರು. ಹೆಂಗಸರು ಬುಟ್ಟಿ ಹೊತ್ತು ಓಡುತ್ತಿದ್ದರು. ಆಯಿ ಒಂದು ಕಲ್ಲಿನ ಮೇಲೆ ಕೂತು ಎಲ್ಲರಿಗೂ ಬೈಯುತ್ತಿದ್ದಳು, ಬಾಯಿ ತುಂಬ ನಗುತ್ತ. ಊರಿಗೆ ಊರೇ ರೊಟ್ಟಿಯ ಜೊತೆ ಮೀನಿನ ಸಾರು ಉಂಡಿತು.

ಆ ಮಧ್ಯಾಹ್ನ ಆಯಿ ಹಿತ್ತಲ ಗೋಡೆಯ ಮೇಲೆ ನನ್ನ ತೋಳುದ್ದದ ಒಂದು ಬಾಳೆ ಮೀನು ಇಟ್ಟಳು. “ತಗೋ, ವಕೀಲರ ಫೀಸು.”

ಗೆದ್ದವಳ ಕುಹಕ ಎಂದುಕೊಂಡೆ. ಮೀನು ಬಂದಿತ್ತು, ನನ್ನ ವಾದ ಬಿದ್ದಿತ್ತು. ಊರೂ ಹಾಗೆಯೇ ತಿಳಿದುಕೊಂಡಿತು, ಇವತ್ತಿಗೂ ಹಾಗೆಯೇ ಹೇಳುತ್ತದೆ. ಮುಖ ಗಂಟು ಹಾಕಿಕೊಂಡೇ ಮೀನು ತೆಗೆದುಕೊಂಡೆ. ತಿನ್ನುವಾಗ ಗಂಟು ಸಡಿಲಾಯಿತು, ಅದು ಬೇರೆ ಮಾತು.

ಈಗ ನಾನು ಕೊಪ್ಪಳದಲ್ಲಿ ನಿಜವಾಗಿಯೂ ಕರಿ ಕೋಟು ಹಾಕಿಕೊಂಡಿದ್ದೇನೆ. ಎದುರು ಪಕ್ಷದ ವಕೀಲನಿಗೆ ಫೀಸು ಕೊಡುವ ಕಕ್ಷಿದಾರರನ್ನು ಇನ್ನೂ ಕಂಡಿಲ್ಲ. ಅಲ್ಲದೆ, ಆಯಿ ಅವತ್ತು ನೀರಲ್ಲಿ ನಿಂತು ‘ನನ್ನ ಮಾತು ಸುಳ್ಳಾಗಿಲ್ಲ’ ಎನ್ನಲಿಲ್ಲ. ಯಾವ ವರ್ಷ ಸುಳ್ಳಾಗಿದೆ ಎಂದು ಕೇಳಿದಳು, ಅಷ್ಟೇ. ಸುಳ್ಳು ಹೇಳದವಳು ಪ್ರಶ್ನೆ ಕೇಳಬಾರದೆಂದೇನಿದೆ? ಹಾಗಂತ ಇದನ್ನು ಸಿದ್ಧಾಂತ ಮಾಡಲೂ ಧೈರ್ಯವಿಲ್ಲ. ಮುದುಕಿ ಎಂದಿನಂತೆ ಜಂಬ ಕೊಚ್ಚಿರಬಹುದು, ನಾನು ಎಂದಿನಂತೆ ಬಾಯಿ ಹಾಕಿರಬಹುದು, ಉಳಿದದ್ದು ತಾನೇ ಆಗಿರಬಹುದು. ಸಾಕ್ಷಿ ಹೇಳಬೇಕಾದವಳು ನನ್ನ ಕೊನೆಯ ಪರೀಕ್ಷೆಯ ಹೊತ್ತಿಗೆ ತೀರಿಕೊಂಡಳು. ಬಾಯಿಗೆ ಹೊಳೆಯ ನೀರನ್ನೇ ಬಿಟ್ಟರಂತೆ.

ಮುನಿರಾಬಾದಿನಲ್ಲಿ ಆ ವಾಸನೆ ಹಿಡಿದು ನಿಂತಿದ್ದಾಗ ಅಲ್ಲಿನ ಎಂಜಿನಿಯರೊಬ್ಬರು ಮಾತಿಗೆ ಸಿಕ್ಕರು. ಕಟ್ಟೆ ತುಂಬಿದ ಮೇಲೆ ಇಲ್ಲಿ ಮೀನೇ ಮೀನು ಎಂದರು. ತುಂಬದಿದ್ದರೆ ಎಂದು ಕೇಳಿದೆ. ಆಗಲೂ ಮೀನಿಗೇನು ಕಡಿಮೆಯಿಲ್ಲ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆ ಪುಣ್ಯಾತ್ಮರಿಗೆ ಕಾರಣ ತಿಳಿಯಲಿಲ್ಲ. ಆದರೆ ನಮ್ಮೂರೂ ಬಂಡೆಸಾಲೂ ಆ ನೀರಿನ ಅಡಿಗೇ ಹೋಗುತ್ತವೆ. ಕೆಳಗಿನಿಂದ ಏರಿ ಬಂದ ಮೀನಿಗೆ ಅಣೆಕಟ್ಟಿನ ಗೋಡೆ ಅಡ್ಡ ನಿಲ್ಲುತ್ತದೆ. ಹಾರಲು ಬಂಡೆಯಿಲ್ಲ, ಬೈಯಲು ಆಯಿಯಿಲ್ಲ…

ಆಯಿ, ನಿನ್ನ ವಕೀಲ ಕೇಳುತ್ತಿದ್ದೇನೆ, ಇದೊಂದಕ್ಕೆ ನೇರವಾಗಿ ಉತ್ತರ ಕೊಡು. ಆ ಮುಂಜಾನೆ ನೀರಲ್ಲಿ ನಿಂತು ಕಣ್ಣು ಕಿರಿದು ಮಾಡಿದೆಯಲ್ಲ, ಆಗ ನೀನು ಓದಿದ್ದು ಹೊಳೆಯನ್ನೋ, ನನ್ನನ್ನೋ?