ಕಣ ಬಳಸಿ ಬಂದ ವೈರು

ಜ್ಯೋತಿಲಕ್ಷ್ಮಿ ಯಾರ ಮನೆಗೆ ಕಂಪ್ಯೂಟರಿನ ವೈರು ಎಳೆದರೂ ಕೆಲಸ ಮುಗಿದ ಮೇಲೆ ಅಲ್ಲಿ ವೈರು ಬಂದು ಸೇರುವ ಸ್ವಿಚ್ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದೇ ಹೊರಡುತ್ತಿದ್ದಳು. ನೆಲಮಂಗಲ ತಾಲ್ಲೂಕಿನಲ್ಲಿ ಈ ಕೆಲಸ ಮಾಡುವ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಅವರ್ಯಾರೂ ಹೆಸರು ಬರೆಯುವುದಿಲ್ಲ, ಕೆಟ್ಟರೆ ಹುಡುಕಿಕೊಂಡು ಬಂದಾರು ಎಂಬ ಭಯ. "ಹುಡುಕ್ಕೊಂಡು ಬರ್ಲಿ ಅಂತಾನೇ ನಾನು ಬರೆಯೋದು" ಎನ್ನುತ್ತಿದ್ದಳು ಇವಳು.

ತ್ಯಾಮಗೊಂಡ್ಲು ಕಡೆಯ ದೊಡ್ಡಬೀರಪ್ಪನವರ ಮನೆಯಲ್ಲಿ ಮಾತ್ರ ಆ ಹೆಸರು ಮಾರನೇ ದಿನಕ್ಕೇ ಅಳಿಸಿಹೋಯಿತು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿದವರು ಸ್ವತಃ ಯಜಮಾನರು. ತಮ್ಮ ಗೋಡೆಯ ಮೇಲೆ ಯಾವಳೋ ಹೆಂಗಸಿನ ಹೆಸರು ಯಾಕಿರಬೇಕು ಎಂಬುದು ಅವರ ತಕರಾರು.

ಆ ಮನೆಗೆ ಅವಳನ್ನು ಕರೆಸಿದ್ದು ಸೊಸೆ ಅಕ್ಷತ. ವಿಮಾ ಕಂಪನಿಯೊಂದಕ್ಕೆ ಬರುವ ಕರೆಗಳಿಗೆ ಕಂಪ್ಯೂಟರಿನ ಮುಂದೆ ಕೂತು ಉತ್ತರ ಹೇಳುವುದು ಅವಳ ಕೆಲಸ. ಎಂಟು ತಿಂಗಳ ಮಗು ಇದ್ದುದರಿಂದ ಮನೆಯಿಂದಲೇ ಮಾಡುತ್ತಿದ್ದಳು. ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ಮನೆಯ ಹಾಲಿನಲ್ಲಿ. ಅಕ್ಷತ ಕೂರುತ್ತಿದ್ದದ್ದು ಅಂಗಳದ ಆಚೆ ಬದಿಯ ಹಳೆಯ ಕಲ್ಲುಗೋಡೆಯ ಕೋಣೆಯಲ್ಲಿ, ಪಾತ್ರೆಯ ಸದ್ದಿಲ್ಲ, ಟೀವಿಯ ಗಲಾಟೆಯಿಲ್ಲ. ಆದರೆ ಆ ಗೋಡೆಗಳನ್ನು ದಾಟಿ ವೈಫೈ ಒಳಗೆ ಬರುವುದುಂಟೇ? ಹಾಗಾಗಿ ನೆಲದಡಿಯಲ್ಲಿ ವೈರು ಎಳೆಯುವುದೆಂದು ತೀರ್ಮಾನವಾಯಿತು.

ಅಂಗಳದಲ್ಲಿ ಗುಂಡಿ ತೋಡಿಸುವುದು ತಮಗೆ ಬಿಟ್ಟದ್ದು ಎಂದು ದೊಡ್ಡಬೀರಪ್ಪನವರು ವೈರಿನ ಸುರುಳಿ ಇಸಿದುಕೊಂಡರು. ಎರಡು ದಿನದ ಮೇಲೆ ಜ್ಯೋತಿಲಕ್ಷ್ಮಿ ಹೋದಾಗ ಹಾಲಿನ ಹತ್ತಿರ ಒಂದು ತುದಿ, ಕಲ್ಲುಕೋಣೆಯ ಹತ್ತಿರ ಒಂದು ತುದಿ ಹೊರಗೆ ಬಂದಿತ್ತು. "ಹೂತಾಯ್ತು ಕಣಮ್ಮ" ಎಂದರು. ಇವಳು ನಂಬಿದಳು. ಅಗೆದ ಜಾಗ ನೋಡದೆ ನಂಬಿದ್ದು ತನ್ನದೇ ತಪ್ಪು ಎಂದು ಆಮೇಲೆ ಅವಳೇ ಎಲ್ಲರ ಮುಂದೆ ಹೇಳಿಕೊಂಡಳು.

ಮೊದಲ ವಾರ ಲೈನು ಒಂದೇ ಸಮ ಓಡಿತು. ಎರಡನೇ ವಾರ ದಿನಕ್ಕೆ ಐದಾರು ಸಲ ಕಡಿಯತೊಡಗಿತು. ಇವಳು ಫೋನಿನಲ್ಲೇ ಹೇಳಿ ಡಬ್ಬಿಯನ್ನು ಆರಿಸಿ ಹಾಕಿಸಿದಳು, ವೈರನ್ನು ಅದರ ಇನ್ನೊಂದು ತೂತಿಗೆ ಸಿಕ್ಕಿಸಿ ನೋಡಲು ಹೇಳಿದಳು. ಮೂರನೇ ವಾರ ಎಲ್ಲ ಸರಿಯಾಯಿತು. ತಾನೇ ಸರಿ ಮಾಡಿದೆನೆಂದು ಹಿಗ್ಗಿದಳು ಕೂಡ. ನಾಲ್ಕನೇ ವಾರ ಅದೇ ಹಳೇ ರಾಗ. ಬುಧವಾರ ಬೆಳಿಗ್ಗೆ ಅಕ್ಷತಳ ಫೋನು ಬಂತು. "ಅಕ್ಕ, ಇವತ್ತು ಇನ್ನೊಂದ್ ಸಲ ಕಟ್ ಆದ್ರೆ ನಾಳೆಯಿಂದ ಬೆಂಗಳೂರಿಗೇ ಬಂದು ಕೂತ್ಕೋ ಅಂದ್ಬಿಟ್ಟಿದಾರೆ ಆಫೀಸಿನವ್ರು. ಮಗು ಬಿಟ್ಟು ಹೋಗಕ್ಕಾಗುತ್ತಾ? ಕೆಲ್ಸ ಬಿಟ್ಬಿಡು ಅಂತಿದಾರೆ ಮಾವ."

ಜ್ಯೋತಿಲಕ್ಷ್ಮಿಗೆ ಮೈ ಉರಿದುಹೋಯಿತು. ಅವಳು ಒಂಬತ್ತು ವರ್ಷ ಕೇಬಲ್ ಕಾರ್ಖಾನೆಯೊಂದರಲ್ಲಿ ವೈರು ಪರೀಕ್ಷಿಸುವ ಮೇಜಿನ ಮುಂದೆ ದುಡಿದವಳು. ಮಗಳಿಗೆ ಐದು ತಿಂಗಳಿದ್ದಾಗ ಹಗಲು ಪಾಳಿ ಕೇಳಿದಳು. "ಮಗು ದೊಡ್ಡದಾದ್ಮೇಲೆ ಬಾರಮ್ಮ" ಎಂದಿದ್ದ ಸೂಪರ್‌ವೈಸರ್. ದೊಡ್ಡದಾದ ಮೇಲೆ ಹೋದರೆ ಅವಳ ಸ್ಟೂಲಿನ ಮೇಲೆ ಬೇರೊಬ್ಬರು ಕೂತಿದ್ದರು. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಇರಾದೆಯೂ ಅವಳಿಗಿಲ್ಲ. ತಾನು ಎಳೆದ ವೈರಿನಿಂದ ಎಳೆಗೂಸಿನ ಇನ್ನೊಬ್ಬ ತಾಯಿಯ ಕೆಲಸ ಹೋಗುವುದೇ? ಸ್ಕೂಟರ್ ಹತ್ತಿದವಳು ಒಂಬತ್ತು ಗಂಟೆಗೆಲ್ಲ ಆ ಅಂಗಳದಲ್ಲಿದ್ದಳು.

ಅಕ್ಷತ ಕರೆಗಳ ನಡುವೆ ಎರಡು ನಿಮಿಷ ಬಿಡುವು ಮಾಡಿಕೊಟ್ಟಳು. ಅಷ್ಟರಲ್ಲೇ ಜ್ಯೋತಿಲಕ್ಷ್ಮಿ ವೈರಿನ ಎರಡೂ ತುದಿಗೆ ಟೆಸ್ಟರ್ ಸಿಕ್ಕಿಸಿ ನೋಡಿದಳು. ಒಳಗಿನ ಎಂಟು ಎಳೆಗಳ ಎಂಟು ದೀಪಗಳೂ ಸಾಲಾಗಿ ಹತ್ತಿದವು, ವೈರು ಎಲ್ಲೂ ತುಂಡಾಗಿಲ್ಲ. ಹಾಗಾದರೆ ಕೆಡುವುದೇಕೆ? ಅಕ್ಷತ ಲೈನು ಕಡಿದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಒಂದು ವಾರ ಗುರುತಿಲ್ಲ, ಒಂದು ವಾರ ಪೂರ್ತಿ ಗುರುತು, ಮತ್ತೆ ಒಂದು ವಾರ ಖಾಲಿ.

ಅತ್ತೆ ಕದಿರಮ್ಮ ಮಗುವಿಗೆ ರಾಗಿಸರಿ ತಿನ್ನಿಸುತ್ತ ಬಾಗಿಲಲ್ಲಿ ಕೂತಿದ್ದರು. ಜ್ಯೋತಿಲಕ್ಷ್ಮಿ ಕೇಳಿದಳು, "ಹೋದ್ ವಾರ ಈ ಮನೇಲಿ ಏನಾದ್ರೂ ಬೇರೆ ಇತ್ತೇನವ್ವ?"

"ಬೇರೆ ಏನಿರುತ್ತೆ? ಮೋಟ್ರಿನ ತ್ರೀಫೇಸ್ ಕರೆಂಟು ರಾತ್ರಿ ಪಾಳೀಲಿತ್ತು. ಯಜಮಾನ್ರು ಸರೊತ್ನಲ್ಲಿ ಎದ್ದೋಗಿ ತೋಟಕ್ಕೆ ನೀರು ಕಟ್ಟೋರು. ಈ ವಾರ ಹಗಲು, ಹತ್ತರಿಂದ ನಾಕು."

ಜ್ಯೋತಿಲಕ್ಷ್ಮಿ ತಟ್ಟನೆ ಎದ್ದಳು. ಕೊಳವೆಬಾವಿ ಮೋಟರಿನ ಸ್ಟಾರ್ಟರ್ ಇದ್ದದ್ದು ಇದೇ ಕಲ್ಲುಕೋಣೆಯ ಹೊರಗೋಡೆಯ ಮೇಲೆ. ಅದಕ್ಕೆ ಕರೆಂಟು ಬರುವ ದಪ್ಪ ವೈರು ಮನೆಯ ಕಡೆಯಿಂದ ಕರಿ ಪೈಪಿನಲ್ಲಿ ನೆಲದಡಿ ಬರುತ್ತಿತ್ತು. ಪೈಪಿನ ಮೂಲೆಯ ಜೋಡಣೆ ಸಡಿಲಿಸಿ ಇಣುಕಿದಳು. ಆ ದಪ್ಪ ವೈರಿನ ಪಕ್ಕದಲ್ಲೇ ಅವಳ ನೀಲಿ ವೈರು ಮಲಗಿತ್ತು. ಮೋಟರು ಓಡಿದಾಗಲೆಲ್ಲ ಅದರ ಕರೆಂಟಿನ ಕಾಟ ಇಷ್ಟು ತೆಳ್ಳನೆಯ ವೈರಿಗೆ ತಗಲದೆ ಇರುತ್ತದೆಯೇ? ಹತ್ತಕ್ಕೆ ಐದು ನಿಮಿಷವಿತ್ತು. ಕರೆಂಟು ಬಂದೊಡನೆ ಮೋಟರು ತಾನಾಗಿ ಓಡುವಂತೆ ಇಟ್ಟಿದ್ದ ಗುಂಡಿಯನ್ನು ಅವಳು ಆರಿಸಿಬಿಟ್ಟಳು.

ತೋಟಕ್ಕೆ ನೀರು ಬರದ್ದು ಕಂಡು ದೊಡ್ಡಬೀರಪ್ಪನವರು ದುಡುದುಡು ಬಂದರು. "ಮೋಟ್ರು ಆರಿಸಿದ್ದು ಯಾರು?"

"ನಾನೇ. ನನ್ನ ವೈರನ್ನ ಮೋಟರ್ ಪೈಪಿನೊಳಗೆ ತೂರಿಸಿದ್ದು ಯಾರು ಯಜಮಾನ್ರೇ?"

ಅವರು ಅಂಗಳದ ನಡುವೆ ಸಗಣಿ ಸಾರಿಸಿ ನುಣ್ಣಗೆ ಮಾಡಿದ್ದ ಕಣವನ್ನು ತೋರಿಸಿದರು. "ರಾಗಿ ರಾಶಿ ಆಗೋಕ್ ಮುಂಚೆ ಕಣಕ್ಕೆ ಗುದ್ಲಿ ಹಾಕ್ತಾರೇನಮ್ಮ? ಹೆಂಗೂ ಪೈಪಿತ್ತು, ತೂರಿಸ್ದೆ."

"ಕಣ ಮುಟ್ಟಬೇಡಿ, ಸರಿ. ಸುತ್ತ ಬಳಸ್ಕೊಂಡು ಬರ್ಬೋದಿತ್ತಲ್ಲ? ಎಪ್ಪತ್ತು ಮೀಟರ್ ಆಗುತ್ತೆ. ಈ ವೈರು ನೂರು ಮೀಟರ್ ತನಕ ಎಳೆದ್ರೂ ಏನೂ ತೊಂದ್ರೆ ಇಲ್ಲ."

"ಅಷ್ಟುದ್ದ ಅಗೆಯೋಕೆ ಆಳೆಲ್ಲಿದಾರೆ? ಆಗ್ದಿದ್ರೆ ಅವಳು ಕೆಲ್ಸ ಬಿಡ್ಲಿ. ಈ ಮನೇಲಿ ಉಣ್ಣೋಕೇನು ಕಮ್ಮಿ ಆಗಿದೆ?"

ಈ ಮಾತು ಕಿಟಕಿಯ ಒಳಗೆ ಕೂತಿದ್ದ ಅಕ್ಷತಳಿಗೂ ಕೇಳಿಸಿತು. ಜ್ಯೋತಿಲಕ್ಷ್ಮಿ ಸೀದಾ ಕೊಟ್ಟಿಗೆಗೆ ಹೋಗಿ ಗುದ್ದಲಿ ತಂದು, ಕಣದ ಅಂಚಿನಿಂದ ಎರಡು ಮಾರು ದೂರ ಬಿಟ್ಟು ಮೊದಲ ಏಟು ಹಾಕಿದಳು.

"ಗುದ್ಲಿ ಕೆಳಗಿಡಮ್ಮ. ನನ್ನ ಅಂಗಳ ಇದು."

"ಇಡಲ್ಲ. ಈ ಮನೇಲಿರೋದು ನನ್ನ ವೈರು. ಅದು ಸರಿಯಾಗೋವರ್ಗೂ ನಾನು ಹೋಗಲ್ಲ."

ಯಜಮಾನರು ಗುದ್ದಲಿ ಕಿತ್ತುಕೊಳ್ಳಲು ಮುಂದೆ ಬಂದರು. ಅಷ್ಟರಲ್ಲಿ ಕದಿರಮ್ಮ ಎದ್ದು ಬಂದು, ರಾಗಿಸರಿ ಮೆತ್ತಿದ ಬಾಯಿಯ ಮಗುವನ್ನು ಗಂಡನ ಎರಡೂ ಕೈಗೆ ಇಟ್ಟರು. "ಹಿಡ್ಕಳಿ. ನಾನು ಮಣ್ಣು ಎಳೀತೀನಿ" ಎಂದು ಸೆರಗು ಸಿಕ್ಕಿಸಿ ಸಲಿಕೆ ತೆಗೆದುಕೊಂಡರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಗಂಡನ ಮಾತು ಮೀರಿದ್ದು ಊರಿನವರ್ಯಾರೂ ಕಂಡಿರಲಿಲ್ಲ. ಕೈತುಂಬ ಮಗು ಇಟ್ಟುಕೊಂಡು ಜಗಳವಾಡುವುದಾದರೂ ಹೇಗೆ? ದೊಡ್ಡಬೀರಪ್ಪನವರು ಜಗಲಿಯ ಮೇಲೆ ಕೂತು ಮಗುವಿನ ಬಾಯಿ ಒರೆಸಿದರು.

ಊಟದ ಬಿಡುವಿನಲ್ಲಿ ಅಕ್ಷತ ಊಟ ಮಾಡಲಿಲ್ಲ. ತಲೆಯ ಮೇಲಿನ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಬಂದು ಅವಳೂ ಅಗೆದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬಾತ "ಏನ್ ಬೀರಪ್ಪಣ್ಣ, ನಿಧಿ ಸಿಕ್ತಾ?" ಎಂದು ಕೂಗಿದ. ಜ್ಯೋತಿಲಕ್ಷ್ಮಿಯ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅವಳು ಅದಕ್ಕೆ ಕರ್ಚೀಫು ಸುತ್ತಿಕೊಂಡು, ಅಂಗಡಿಯಿಂದ ತರಿಸಿದ ಹೊಸ ಪೈಪಿನೊಳಗೆ ಹೊಸ ವೈರು ತೂರಿಸಿ, ಎರಡೂ ತುದಿಗೆ ಡಬ್ಬಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತಲೆ ಒತ್ತಿ, ಕರೆಗಳ ನಡುವೆ ಹಳೆಯದನ್ನು ಕಳಚಿ ಇದನ್ನು ಸಿಕ್ಕಿಸಿದಾಗ ಮೂರೂವರೆ.

ಇನ್ನು ಅರ್ಧ ಗಂಟೆ ಮಾತ್ರ ತ್ರೀಫೇಸ್ ಇರುವುದು. ಅಕ್ಷತಳ ಪಾಳಿ ಮುಗಿಯುವುದು ಐದಕ್ಕೆ. ಈಗ ಮೋಟರು ಹಾಕಿ ಲೈನು ಕಡಿದರೆ ಅವಳ ಕೆಲಸ ಅಲ್ಲಿಗೆ ಮುಗಿಯಿತು. ಹಾಕದೇ ಬಿಟ್ಟರೆ ನಾಳೆ ಹತ್ತು ಗಂಟೆಯವರೆಗೂ ಇದೇ ಭಯ. ಜ್ಯೋತಿಲಕ್ಷ್ಮಿ ಸ್ಟಾರ್ಟರಿನ ಮುಂದೆ ನಿಂತು ಒಂದು ಕ್ಷಣ ಅನುಮಾನಿಸಿದಳು. ಕಿಟಕಿಯೊಳಗಿಂದ ಅಕ್ಷತ ಕೂಗಿದಳು, "ಹಾಕಿ ಮಾವ! ನೀವೇ ಹಾಕಿ!"

ದೊಡ್ಡಬೀರಪ್ಪನವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಸಿರು ಗುಂಡಿ ಒತ್ತಿದರು. ಮೋಟರು ಗುಂಯ್ ಎಂದು ಹಿಡಿಯಿತು. ಲೈನು ಓಡುತ್ತಿದೆಯೆಂದು ತೋರಿಸುವ ಸ್ವಿಚ್ ಡಬ್ಬಿಯ ಪುಟ್ಟ ದೀಪ ನಿಲ್ಲದೆ ಮಿಟುಕುತ್ತಲೇ ಇತ್ತು. ಅವರು ಆರಿಸಿದರು, ಮತ್ತೆ ಹಾಕಿದರು. ಇನ್ನೊಮ್ಮೆ ಆರಿಸಿ ಹಾಕಿದರು. ಒಳಗೆ ಅಕ್ಷತ ಯಾರಿಗೋ ಆಸ್ಪತ್ರೆಯ ಬಿಲ್ಲು ಕಳಿಸುವುದು ಹೇಗೆಂದು ಸಮಾಧಾನವಾಗಿ ಹೇಳುತ್ತಿದ್ದಳು. ಅವಳ ಮಾತು ಒಂದು ಸಲವೂ ತುಂಡಾಗಲಿಲ್ಲ.

"ಎರಡೂ ವೈರು ಒಟ್ಟಿಗೆ ಹಾಕ್ಬಾರ್ದು ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದರು ಯಜಮಾನರು.

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ, ನಾನು ನೋಡ್ಲಿಲ್ಲ" ಎಂದಳು ಜ್ಯೋತಿಲಕ್ಷ್ಮಿ. ಮಾರ್ಕರ್ ತೆಗೆದು, ಈ ಸಲ ಮುಚ್ಚಳ ಬಿಟ್ಟು, ಸ್ಟಾರ್ಟರಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಹೆಸರು ಬರೆದಳು, ಅದರ ಕೆಳಗೆ ನಂಬರು. ಬರೆಯುವಾಗ ಅಂಗೈ ಉರಿಯಿತು, ಆದರೂ ಅಕ್ಷರ ಡೊಂಕಾಗಲು ಬಿಡಲಿಲ್ಲ.

"ಒರೆಸ್ತೀರಾ?" ಎಂದು ನೇರವಾಗಿ ಕೇಳಿದಳು.

ದೊಡ್ಡಬೀರಪ್ಪನವರು ಗೋಡೆ ನೋಡಿದರು, ಸಲಿಕೆ ಹಿಡಿದೇ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ನೀರು ಎಲ್ಲಿಗೆ ಬಂತೆಂದು ನೋಡಲು ತೋಟದ ಕಡೆ ನಡೆದರು.