ಕೊಕ್ಕೆಯಿಲ್ಲದ ಬಂಪರ್

ಜೀಪಿನ ಮುಂದಿನ ಬಂಪರ್ ಒಡೆದದ್ದು ನಮ್ಮದೇ ದಾರಿಯಲ್ಲಿ. ಅರಂತೋಡಿನ ಮುಖ್ಯರಸ್ತೆ ಬಿಟ್ಟು ಒಳಗೆ ಬಂದರೆ ಸ್ವಲ್ಪ ದೂರ ಡಾಂಬರು, ಆಮೇಲೆ ಮಣ್ಣಿನ ಏರು. ಏರಿನ ಅರ್ಧದಲ್ಲಿ ಒಂದು ತಿರುವು. ಅದರ ಒಂದು ಬದಿಗೆ ರಸ್ತೆಗಾಗಿ ಗುಡ್ಡ ಕಡಿದ ಬರೆ, ಇನ್ನೊಂದು ಬದಿಗೆ ರಬ್ಬರ್ ತೋಟದ ಇಳಿಜಾರು. ಇಳಿಜಾರಿಗೆ ಹೆದರಿದವರು ಬರೆಗೆ ತಾಗಿಸುತ್ತಾರೆ. ನಾನೂ ತಾಗಿಸಿದೆ. ಕಂಪನಿ ಕೊಟ್ಟಿದ್ದ ಪ್ಲಾಸ್ಟಿಕ್ ಬಂಪರ್ ಎಡಭಾಗದಲ್ಲಿ ಸೀಳಿ ಜೋತುಬಿತ್ತು. ಅದನ್ನು ಹಗ್ಗದಿಂದ ಬಿಗಿದು ಒಂದು ವಾರ ಪುತ್ತೂರಿಗೆ ಹೋಗಿ ಬಂದೆ. ನಾನು ಪಾಠ ಮಾಡುವ ಕಾಲೇಜು ಅಲ್ಲಿದೆ.

ಜೀಪು ನನ್ನದು, ಸೆಕೆಂಡ್ ಹ್ಯಾಂಡ್. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯೇ ಬೇಕೆಂದು ಕಾದು ಕೊಂಡದ್ದು. ಮಳೆಗಾಲದಲ್ಲಿ ಆ ಏರನ್ನು ಬೇರೆ ಯಾವುದೂ ನಂಬಿಕೆಯಿಂದ ಹತ್ತುವುದಿಲ್ಲ. ಹೊಸ ಬಂಪರ್ ಹಾಕಿಸುವುದಾದರೆ ಕಬ್ಬಿಣದ್ದೇ ಆಗಬೇಕು ಎನ್ನುವುದರಲ್ಲಿ ನನಗೆ ಗೊಂದಲವಿರಲಿಲ್ಲ. ಅದು ಜೀಪಿನ ಅಗಲ ಮೀರಬಾರದು. ಏರಿನ ಬುಡದಲ್ಲಿ ಚಕ್ರಕ್ಕಿಂತ ಮೊದಲು ಅದು ನೆಲಕ್ಕೆ ತಾಗಬಾರದು. ರೇಡಿಯೇಟರಿಗೆ ಗಾಳಿ ತಡೆಯಬಾರದು. ಮುಂದಕ್ಕೆ ಚಾಚಿದ ಕೊಳವೆಗಳ ಗಾರ್ಡ್ ಬೇಡ, ಅದನ್ನು ಪೊಲೀಸರು ಬಿಚ್ಚಿಸುತ್ತಾರೆ. ಇಷ್ಟು ಯಾರಾದರೂ ಹೇಳುವ ಮಾತು. ಇದರ ಮೇಲೆ ನನ್ನದೇ ಒಂದು ಷರತ್ತಿತ್ತು: ಅದರಲ್ಲಿ ಕೊಕ್ಕೆ ಇರಬಾರದು.

ಇದಕ್ಕೆ ಕಾರಣ ನಮ್ಮ ಮನೆ ಇರುವ ಜಾಗ. ಗುಡ್ಡದ ಮೇಲೆ ಅದು ಕೊನೆಯ ಮನೆ. ರಸ್ತೆ ನಮ್ಮ ಅಂಗಳದಲ್ಲಿ ಮುಗಿಯುತ್ತದೆ, ಗಾಡಿ ತಿರುಗಿಸಲು ಜಾಗ ಇರುವುದೂ ಅಲ್ಲಿ ಮಾತ್ರ. ಸಿಕ್ಕಿಬೀಳುವ ಗಾಡಿಗಳೆಲ್ಲ ಕೆಳಗಿನಿಂದ ಬರುತ್ತವೆ. ಅವುಗಳನ್ನು ಎಳೆಯಲು ನಾವು ಮೇಲಿನಿಂದ ಮೂತಿ ಕೆಳಗೆ ಮಾಡಿ ಇಳಿಯಬೇಕು, ಮುಂದಿನ ಬಂಪರಿನ ಕೊಕ್ಕೆಗೆ ಹಗ್ಗ ಕಟ್ಟಿಸಿಕೊಳ್ಳಬೇಕು, ರಿವರ್ಸಿನಲ್ಲಿ ಹತ್ತಬೇಕು. ಅಪ್ಪ ತಮ್ಮ ಹಳೆಯ ಜೀಪಿನಲ್ಲಿ ಇದನ್ನೇ ಮಾಡುತ್ತಿದ್ದರು. ಸಿಮೆಂಟಿನ ಗಾಡಿ, ಗೊಬ್ಬರದ ಗಾಡಿ, ನೆಂಟರ ಕಾರು, ಮದುವೆಯ ವ್ಯಾನು, ಯಾವುದೂ ಬಿಟ್ಟದ್ದಿಲ್ಲ. ನಮ್ಮಲ್ಲಿ ಭಾನುವಾರ ಎನ್ನುವುದು ಬೇರೆಯವರದ್ದಾಗಿತ್ತು. ನನ್ನ ಪಿಯುಸಿ ಪರೀಕ್ಷೆಯ ಬೆಳಿಗ್ಗೆ ಅಪ್ಪ ಹಾಲಿನ ವ್ಯಾನ್ ಎಳೆಯಲು ಹೋಗಿದ್ದರು. ನಾನು ನಡೆದು ಹೋಗಿ ಬಸ್ಸು ಹಿಡಿದೆ. ಪರೀಕ್ಷೆ ತಪ್ಪಲಿಲ್ಲ, ಆದ್ದರಿಂದ ಅದು ಮನೆಯಲ್ಲಿ ಒಂದು ಘಟನೆಯಾಗಿ ಉಳಿದಿಲ್ಲ.

ಅಪ್ಪನಿಗೆ ಮೊಣಕಾಲು ನೋವು ಬಂದು ಆ ಜೀಪು ಮಾರಿಹೋಯಿತು. ಈಗ ಗುಡ್ಡದಲ್ಲಿ ಇರುವುದು ನನ್ನ ಜೀಪು ಒಂದೇ. ನಾನು ಸಂಶೋಧನ ಪ್ರಬಂಧ ಬರೆಯುತ್ತಿದ್ದೇನೆ. ಶನಿವಾರವೂ ಕಾಲೇಜು ಇರುವುದರಿಂದ ಬರೆಯಲು ಸಿಗುವುದು ಭಾನುವಾರ. ಮುಂದಿನ ಕೊಕ್ಕೆ ಹಾಕಿಸಿಕೊಂಡರೆ ಆ ಭಾನುವಾರ ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿತ್ತು. ಅಪ್ಪನಿಗೆ ಹೇಳಿದಾಗ ಅವರು ಪತ್ರಿಕೆಯಿಂದ ಕಣ್ಣು ತೆಗೆಯದೆ, “ನಿನ್ನ ಗಾಡಿ,” ಎಂದರು. ಆದರೆ ನಾನು ಬಂಪರ್ ನೋಡಲು ಹೊರಟಾಗ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು.

ಮೊದಲು ಪುತ್ತೂರಿನ ಬಿಡಿಭಾಗಗಳ ಅಂಗಡಿಗೆ ಹೋದೆವು. ಅಂಗಡಿಯವರು ಗೋಡೆಗೆ ಒರಗಿಸಿಟ್ಟಿದ್ದ ಬಂಪರುಗಳನ್ನು ಒಂದೊಂದಾಗಿ ಎಳೆದು ತೋರಿಸಿದರು.

“ಇದು ನೋಡಿ ಮೇಡಂ, ವಿಂಚ್ ಕೂರ್ತದೆ ಇದಕ್ಕೆ. ಮಗುಚಿ ಬಿದ್ದ ಲಾರಿಯನ್ನು ಬೇಕಾದ್ರೂ ಎಳೀಬಹುದು.”

ವಿಂಚ್ ಎಂದರೆ ಬ್ಯಾಟರಿಯಿಂದ ತಿರುಗಿ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಯಂತ್ರ. ನಾನು ಕೊಕ್ಕೆ ಇಲ್ಲದ್ದು ಇದೆಯಾ ಎಂದು ಕೇಳಿದೆ.

“ಇಲ್ಲದ್ದು ಅಂದ್ರೆ?”

“ಏನೂ ಇಲ್ಲದ್ದು. ಬರೇ ಬಂಪರ್.”

ಅವರು ಅಪ್ಪನ ಮುಖ ನೋಡಿದರು. ಅಪ್ಪ ಹೊರಗೆ ರಸ್ತೆ ನೋಡುತ್ತಿದ್ದರು. “ಹಾಗಿದ್ದದ್ದು ಕಾರಿಗೆ ಬರ್ತದೆ ಮೇಡಂ,” ಎಂದರು ಅಂಗಡಿಯವರು. “ಜೀಪಿಗೆ ಕೊಕ್ಕೆ ಇಲ್ಲದ ಬಂಪರ್ ಅಂದ್ರೆ, ಎಂತ ಹೇಳುದು, ಹಿಡಿ ಇಲ್ಲದ ಕತ್ತಿಯ ಹಾಗೆ.”

ಅವರಲ್ಲಿದ್ದ ಒಂದು ನನಗೆ ಆಕಾರದಲ್ಲಿ ಇಷ್ಟವಾಯಿತು. ಎರಡು ತುದಿ ಮೇಲಕ್ಕೆ ಕತ್ತರಿಸಿದಂತಿತ್ತು, ಚಕ್ರದ ಮುಂದೆ ಜಾಗ ಚೆನ್ನಾಗಿ ಬಿಡುತ್ತಿತ್ತು. ಟೇಪು ಹಿಡಿದು ಅಳೆದೆ. ಅದಕ್ಕೂ ಎರಡು ಕೊಕ್ಕೆ ಇತ್ತು. ಅದರ ಫೋಟೋ ತೆಗೆದುಕೊಂಡು ಬಂದೆ.

ಜಾಲ್ಸೂರಿನ ಹತ್ತಿರ ಒಬ್ಬರು ವೆಲ್ಡಿಂಗ್ ಮಾಡುವವರಿದ್ದಾರೆ. ಅವರು ಗೇಟು, ಕಿಟಕಿಯ ಸರಳು, ಪಿಕಪ್ಪಿನ ಹಿಂದಿನ ಚೌಕಟ್ಟು, ಹೇಳಿದ್ದನ್ನೆಲ್ಲ ಮಾಡಿಕೊಡುತ್ತಾರೆ. ಫೋಟೋ ಮತ್ತು ನಾನು ಬರೆದುಕೊಂಡ ಅಳತೆ ಎರಡನ್ನೂ ಕೊಟ್ಟೆ. ಅವರು ಜೀಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚಾಸಿಯ ತುದಿ ಮುಟ್ಟಿ ನೋಡಿ, ಆಗಬಹುದು ಎಂದರು. ಕೊಕ್ಕೆ ಬೇಡ ಎಂದು ನಾನು ಒಮ್ಮೆ ಹೇಳಿದೆ, ಹೊರಡುವಾಗ ಇನ್ನೊಮ್ಮೆ ಹೇಳಿದೆ. ಅವರು ಎರಡು ಸಲವೂ ತಲೆ ಆಡಿಸಿದರು.

ಬಂಪರ್ ತಯಾರಾಗುವ ಮೊದಲೇ ಸುದ್ದಿ ಗುಡ್ಡ ಹತ್ತಿತ್ತು. ಅದು ಹೇಗೆ ಹತ್ತುತ್ತದೆ ಎಂದು ನಾನು ಯಾವತ್ತೂ ಕಂಡುಹಿಡಿದಿಲ್ಲ. ತಿರುವಿನ ಮೇಲಿನ ಮನೆಯವರು, ನಾನು ಮಾವ ಎಂದು ಕರೆಯುವವರು, ಒಂದು ಸಂಜೆ ಹಲಸಿನ ಹಣ್ಣು ಹೊತ್ತು ಬಂದರು. ಅಪ್ಪನ ಜೊತೆ ಕೂತು ಮಳೆಯ ಬಗ್ಗೆ, ಕರಿಮೆಣಸಿನ ಬಗ್ಗೆ, ಮೊಮ್ಮಗಳ ನಾಮಕರಣದ ಬಗ್ಗೆ ಮಾತಾಡಿದರು. ನಮ್ಮ ಕಡೆ ಯಾರೂ ಬೇಕಾದದ್ದನ್ನು ನೇರವಾಗಿ ಕೇಳುವುದಿಲ್ಲ. ಎದ್ದು, ಚಪ್ಪಲಿ ಹಾಕಿ, ಮೆಟ್ಟಿಲಿಳಿದ ಮೇಲೆ ಅದು ಹೊರಬರುತ್ತದೆ.

“ವಿಂಚ್ ಹಾಕಿಸ್ತಿದ್ದೀಯಂತೆ ಮಾರಾಯ್ತಿ?”

“ಇಲ್ಲ ಮಾವ. ಕೊಕ್ಕೆ ಕೂಡ ಇಲ್ಲ.”

“ಹಾಂ, ಹಾಂ,” ಎಂದು ನಕ್ಕರು. ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. “ಒಳ್ಳೇದಾಯ್ತು. ಭಾವನ ಜೀಪು ಹೋದ ಮೇಲೆ ಗುಡ್ಡೆಗೆ ಬಲ ಇರ್ಲಿಲ್ಲ.”

ಅವರು ಹೋದ ಮೇಲೆ ಅಪ್ಪ ಹಲಸಿನ ಹಣ್ಣನ್ನು ಬೆರಳಲ್ಲಿ ತಟ್ಟಿ ನೋಡಿ, “ನಾಳೆಗೆ ಆಗ್ತದೆ,” ಎಂದರು.

ಬಂಪರ್ ಕೂರಿಸುವ ದಿನ ಮತ್ತೆ ಇಬ್ಬರೂ ಜಾಲ್ಸೂರಿಗೆ ಹೋದೆವು. ವೆಲ್ಡಿಂಗಿನವರು ಮೇಲೆ ಮುಚ್ಚಿದ್ದ ಗೋಣಿ ಎಳೆದರು. ಕೆಲಸ ಅಚ್ಚುಕಟ್ಟಾಗಿತ್ತು. ತುದಿಗಳು ನಾನು ಕೊಟ್ಟ ಅಳತೆಗೆ ಸರಿಯಾಗಿ ಮೇಲಕ್ಕೆ ಹೋಗಿದ್ದವು, ಕಪ್ಪು ಬಣ್ಣ ಒಣಗಿತ್ತು. ನಡುವೆ ಎರಡು ದಪ್ಪ ಕೊಕ್ಕೆಗಳಿದ್ದವು.

ಒಂದು ಕ್ಷಣ ಅಪ್ಪನೇ ಹೇಳಿರಬಹುದೆಂದು ಅನಿಸಿತು. ತಿರುಗಿ ನೋಡಿದರೆ ಅವರೂ ಕೊಕ್ಕೆಗಳನ್ನೇ ನೋಡುತ್ತಿದ್ದರು, ಹುಬ್ಬು ಮೇಲೇರಿತ್ತು.

“ಕೊಕ್ಕೆ ಬೇಡ ಅಂದಿದ್ದೆ,” ಎಂದೆ.

“ನೀವು ಹೇಳಿದ್ದು ಹೌದು,” ಎಂದರು ವೆಲ್ಡಿಂಗಿನವರು. ಅವರ ಮುಖದಲ್ಲಿ ತಪ್ಪು ಮಾಡಿದವರ ಭಾವ ಇರಲಿಲ್ಲ. “ಆದ್ರೆ ನೀವು ಆ ಗುಡ್ಡೆಯವರಲ್ವಾ? ನಾನು ಅಲ್ಲಿ ಗೇಟು ಕೂರಿಸ್ಲಿಕ್ಕೆ ಬಂದಾಗ ನನ್ನ ಗಾಡಿಯನ್ನು ಇವರೇ ಎಳೆದು ಹಾಕಿದ್ದು. ಆ ಗುಡ್ಡೆಯವರು ಕೊಕ್ಕೆ ಬೇಡ ಹೇಳುದುಂಟಾ? ಬಾಯಿ ತಪ್ಪಿ ಹೇಳಿದ್ದು ಅಂತ ಮಾಡಿದೆ. ಅದಕ್ಕೆ ಬೇರೆ ಎಂತದೂ ಕೊಡುದು ಬೇಡ ಮಾರಾಯ್ರೆ, ನನ್ನ ಲೆಕ್ಕದಲ್ಲಿ ಇರ್ಲಿ.”

“ಬಾಯಿ ತಪ್ಪಿ ಹೇಳಿದ್ದಲ್ಲ. ಕತ್ತರಿಸಿ.”

“ಇಷ್ಟು ಗಟ್ಟಿ ಕೂತದ್ದನ್ನಾ?” ಅವರು ನನ್ನನ್ನು ಬಿಟ್ಟು ಅಪ್ಪನಿಗೆ ಹೇಳಿದರು, “ಎಂತ ಮಾರಾಯ್ರೆ ಇದು, ನೀವಾದ್ರೂ ಒಂದು ಮಾತು ಹೇಳಿ. ಕತ್ತರಿಸಿದ್ರೆ ಕಲೆ ಉಳೀತದೆ. ಬಣ್ಣ ನಿಲ್ಲುದಿಲ್ಲ ಅಲ್ಲಿ.”

ಅಪ್ಪ ಬಗ್ಗಿ ಒಂದು ಕೊಕ್ಕೆಯೊಳಗೆ ಬೆರಳು ಹಾಕಿ ಎಳೆದು ನೋಡಿದರು. ಗಟ್ಟಿ ಇತ್ತು ಎಂದು ಅವರ ಮುಖ ಹೇಳುತ್ತಿತ್ತು. ಆಮೇಲೆ ನೆಟ್ಟಗೆ ನಿಂತು, “ಅವಳು ಕತ್ತರಿಸಿ ಅಂದ್ರೆ ಕತ್ತರಿಸ್ಬೇಕು,” ಎಂದರು. “ಗಾಡಿ ಅವಳದ್ದು.”

ಕತ್ತರಿಸುವ ಯಂತ್ರ ಅರಚಿತು. ಕಿಡಿ ಹಾರುವಷ್ಟು ಹೊತ್ತು ನಾವು ರಸ್ತೆಯ ಬದಿಗೆ ನಿಂತೆವು. ಕಾಸರಗೋಡಿನ ಕಡೆಯ ಬಸ್ಸು ಬಂದು ಜನ ಇಳಿಸಿ ಹೋಯಿತು. ವೆಲ್ಡಿಂಗಿನವರು ಉಳಿದ ಬುಡವನ್ನು ಉಜ್ಜಿ, ಮೇಲೆ ಬಣ್ಣ ಹೊಡೆದು, ಬಂಪರ್ ಕೂರಿಸಿ ಕೊಟ್ಟರು. ಕತ್ತರಿಸಿದ ಕೊಕ್ಕೆಗಳನ್ನು ಗೋಣಿಯ ಚೂರಿನಲ್ಲಿ ಸುತ್ತಿ ಅಪ್ಪನ ಕೈಗಿಟ್ಟರು. ಅಪ್ಪ ಅದನ್ನು ತಮ್ಮ ಸೀಟಿನ ಕೆಳಗೆ ಹಾಕಿದರು.

ಮಳೆ ಹಿಡಿದ ಮೇಲೆ ಬಂದ ಒಂದು ಭಾನುವಾರ ಮಾವನ ಮನೆಯ ನಾಮಕರಣ. ಊಟದ ಹೊತ್ತಿಗೆ ಹೋಗುವುದೆಂದು ನಾನು ಬೆಳಿಗ್ಗೆಯೇ ಬರೆಯಲು ಕೂತಿದ್ದೆ. ಮೂರನೆಯ ಅಧ್ಯಾಯ ಒಂದು ಕಡೆ ಸಿಕ್ಕಿಕೊಂಡಿತ್ತು. ಅಂಗಳದಲ್ಲಿ ಮಾವ ಬಂದು ನಿಂತರು. ಪಂಚೆ ಮೊಣಕಾಲಿನವರೆಗೆ ಕೆಸರಾಗಿತ್ತು. ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು.

“ಎಂತ ಭಾವ, ತಿಂಡಿ ಆಯ್ತಾ?” ಎಂದು ಅಪ್ಪನನ್ನು ಕೇಳಿದರು.

“ಆಯ್ತು. ಎಂತ ಹಗ್ಗ?”

“ಇದಾ? ಇದು ಸುಮ್ಮನೆ.” ಅವರು ಹಗ್ಗವನ್ನು ಇನ್ನೊಂದು ಹೆಗಲಿಗೆ ಹಾಕಿದರು. “ಪಿಕಪ್ ತಿರುವಿನಲ್ಲಿ ಕೂತಿದೆ. ಅಡಿಗೆಯ ಪಾತ್ರೆ ಎಲ್ಲ ಅದರಲ್ಲಿ ಉಂಟು. ಹೇಳಿ ಹೋಗುವಾ ಅಂತ ಬಂದದ್ದು.”

ನಾನು ಕಿಟಕಿಯಿಂದ ಇದನ್ನು ಕೇಳಿಸಿಕೊಂಡೆ. ಹೊರಗೆ ಬಂದೆ. ಮಾವ ಅಷ್ಟರಲ್ಲಿ ಜೀಪಿನ ಮುಂದೆ ಬಗ್ಗಿದ್ದರು. ಬಂಪರಿನ ಮೇಲೆ ಈ ತುದಿಯಿಂದ ಆ ತುದಿಗೆ ಕೈ ಆಡಿಸಿದರು, ಕೆಳಗೂ ಆಡಿಸಿದರು. ಕೊನೆಗೆ ತಲೆ ಎತ್ತಿ ನನ್ನನ್ನು ನೋಡಿದರು. ಅಲ್ಲಿಯವರೆಗೆ ಅವರು ನನ್ನ ಮಾತು ನಂಬಿರಲಿಲ್ಲ.

“ಕೊಕ್ಕೆ?”

“ಇಲ್ಲ ಅಂದಿದ್ದೆ ಮಾವ.”

ಅವರು ಬೈಯಲಿಲ್ಲ. ಹಗ್ಗವನ್ನು ನೋಡಿದರು, ಕೆಳಗಿನ ರಸ್ತೆಯ ಕಡೆ ನೋಡಿದರು. “ಹಾಗಾದ್ರೆ ಪಾತ್ರೆಯನ್ನು ಹೊತ್ತು ಹಾಕುವಾ,” ಎಂದು ತಮಗೇ ಹೇಳಿಕೊಂಡರು. ಹೊತ್ತು ಹಾಕುವುದು ಸಾಧ್ಯವಿತ್ತು. ಮಧ್ಯಾಹ್ನದ ಊಟ ಸಂಜೆ ಆಗುತ್ತಿತ್ತು, ಅಷ್ಟೆ.

ಜೀಪಿನ ಹಿಂದೆ ಕಂಪನಿಯಿಂದಲೇ ಬಂದ ಒಂದು ಕೊಕ್ಕೆ ಇದೆ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅದನ್ನು ಬಳಸಬೇಕಾದರೆ ಅಂಗಳದಿಂದ ತಿರುವಿನವರೆಗೆ ರಿವರ್ಸಿನಲ್ಲಿ ಇಳಿಯಬೇಕು. ಅಪ್ಪ ಎಂದೂ ಹಾಗೆ ಇಳಿದವರಲ್ಲ, ಯಾರೂ ಇಳಿದವರಲ್ಲ. ಹಾಗಾಗಿ ಆ ಕೊಕ್ಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಗುಡ್ಡದಲ್ಲಿ ಇನ್ನಾರೂ ತೆಗೆದುಕೊಂಡಿರಲಿಲ್ಲ.

ನಾನು ಒಳಗೆ ಹೋಗಿ ಕೀಲಿ ತಂದೆ. “ಹಿಂದೆ ಕಟ್ಟುವಾ,” ಎಂದೆ.

ಎರಡೂ ಕನ್ನಡಿಗಳನ್ನು ಚಕ್ರ ಕಾಣುವಷ್ಟು ಕೆಳಕ್ಕೆ ತಿರುಗಿಸಿದೆ. ಮಾವ ಹಿಂದಿನಿಂದ ಬಾ, ಬಾ ಎಂದು ಕೂಗುತ್ತಾ ನಡೆದರು. ಅವರು ಕೈ ಮಾಡಿದ ದಿಕ್ಕಿಗೂ ಬಾಯಿಂದ ಬಂದ ದಿಕ್ಕಿಗೂ ಸಂಬಂಧವಿರಲಿಲ್ಲ, ಆದ್ದರಿಂದ ನಾನು ಕನ್ನಡಿಯನ್ನೇ ನಂಬಿದೆ. ನಿಧಾನವಾಗಿ ಇಳಿದೆ. ತಿರುವಿನಲ್ಲಿ ಪಿಕಪ್ಪಿನ ಹಿಂದಿನ ಚಕ್ರ ಕೆಸರಿನಲ್ಲಿ ಅರ್ಧ ಹೂತಿತ್ತು. ಅನ್ನ ಬೇಯಿಸುವ ಕಂಚಿನ ಚರಿಗೆ, ದೊಡ್ಡ ಕಡಾಯಿಗಳ ನಡುವೆ ಅಡಿಗೆಯವರು ಕೊಡೆ ಹಿಡಿದು ಕೂತಿದ್ದರು.

“ಇದೆಂತ, ಜೀಪು ಬೆನ್ನು ತೋರಿಸಿಕೊಂಡು ಬರುದು?” ಎಂದು ಕೇಳಿದರು. “ಎದುರು ಅಷ್ಟು ದೊಡ್ಡ ಬಂಪರ್ ಹಾಕಿಸಿದ್ದಾರಂತೆ?”

“ಅದು ನೋಡ್ಲಿಕ್ಕೆ,” ಎಂದರು ಮಾವ. “ನೀವು ಮೊದಲು ಇಳೀರಿ. ನಿಮ್ಮದೇ ಭಾರ ಹೆಚ್ಚು.”

ಹಗ್ಗ ಬಿಗಿಯಾಯಿತು. ಮೂತಿ ಮೇಲಕ್ಕೆ ಇದ್ದುದರಿಂದ ಜೀಪು ಮೊದಲನೆಯ ಗೇರಿನಲ್ಲಿ ನೇರ ಎಳೆಯಿತು. ರಿವರ್ಸಿನಲ್ಲಿ ಹತ್ತುವುದಕ್ಕಿಂತ ಇದು ಸುಲಭ. ಇಳಿಯುವುದೊಂದೇ ಕಷ್ಟ. ಪಿಕಪ್ ಮಾವನ ಗೇಟಿನವರೆಗೆ ಬಂದ ಮೇಲೆ ಹಗ್ಗ ಬಿಚ್ಚಿದರು. ನಾನು ಗಾಡಿಯಿಂದ ಇಳಿಯದೆ ನೇರ ಮನೆಗೆ ಹೋದೆ. ಊಟಕ್ಕೆ ಹೋದಾಗ ಮಾವ ನನ್ನ ಎಲೆಗೆ ತಾವೇ ಪಾಯಸ ಬಡಿಸಿ, “ಎದುರು ಒಂದು ಕೊಕ್ಕೆ ಹಾಕಿಸಿದ್ರೆ ಈ ಉಪದ್ರ ಇಲ್ಲ ಅಲ್ವಾ?” ಎಂದರು.

“ಇಲ್ಲ,” ಎಂದೆ. “ಹಾಕಿಸುದಿಲ್ಲ ಮಾವ.”

ಅವರು ಇನ್ನೊಂದು ಸೌಟು ಬಡಿಸಿ ಮುಂದಿನ ಎಲೆಗೆ ಹೋದರು.

ಈಗಲೂ ತಿರುವಿನಲ್ಲಿ ಗಾಡಿಗಳು ಸಿಕ್ಕಿಬೀಳುತ್ತವೆ. ಕೆಳಗೆ ಎಂಜಿನ್ ಅರಚುವುದು ನನ್ನ ಮೇಜಿನವರೆಗೆ ಕೇಳಿಸುತ್ತದೆ. ಅಪ್ಪನ ಕಾಲದಲ್ಲಿ ಎಲ್ಲರೂ ನೇರ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಈಗ ಮೊದಲು ಚಕ್ರದಡಿಗೆ ಕಲ್ಲು ಇಡುತ್ತಾರೆ, ತೆಂಗಿನ ಗರಿ ಹಾಕುತ್ತಾರೆ, ಇಳಿದು ದೂಡುತ್ತಾರೆ. ಹೆಚ್ಚಿನ ಸಲ ಅಷ್ಟರಲ್ಲಿ ಗಾಡಿ ಹತ್ತುತ್ತದೆ. ಹತ್ತದಿದ್ದರೆ ಯಾರಾದರೂ ಬಂದು ಅಂಗಳದಲ್ಲಿ ನಿಂತು ತಿಂಡಿ ಆಯ್ತಾ ಎಂದು ಕೇಳುತ್ತಾರೆ. ಆಗ ನಾನು ಕನ್ನಡಿ ತಿರುಗಿಸಿಕೊಂಡು ಇಳಿಯುತ್ತೇನೆ. ಮೂರನೆಯ ಅಧ್ಯಾಯ ಮುಗಿದಿದೆ.

ವೆಲ್ಡಿಂಗಿನವರು ಹೇಳಿದ್ದು ನಿಜವಾಯಿತು. ಮಳೆ ಮುಗಿಯುವ ಮೊದಲೇ ಬಂಪರಿನ ನಡುವೆ ಎರಡು ಕಡೆ ಬಣ್ಣ ಎದ್ದು ತುಕ್ಕು ಕಂಡಿತು. ಜೀಪು ತೊಳೆಯುತ್ತಿದ್ದ ಅಪ್ಪ ಅಲ್ಲಿ ಹೆಬ್ಬೆರಳು ಉಜ್ಜಿದರು.

“ಇಲ್ಲಿ ಬಣ್ಣ ಎದ್ದಿದೆ.”

“ಗೊತ್ತುಂಟು,” ಎಂದೆ.

“ಕೊಕ್ಕೆ ಕೊಟ್ಟಿಗೆಯಲ್ಲಿ ಉಂಟು. ಬೇಕಾದ್ರೆ.”

“ಬೇಡ ಅಪ್ಪ.”

ಅವರು ಪೈಪು ಎಳೆದುಕೊಂಡು ಹಿಂದಕ್ಕೆ ಹೋದರು. ಹಿಂದಿನ ಕೊಕ್ಕೆಗೆ ಮೆತ್ತಿದ್ದ ಕೆಸರಿಗೆ ನೀರು ಬಿಡತೊಡಗಿದರು.